ಸ್ಟ್ರೆಲಿಟ್ಸಿಯಾ: ಒಂದು ಕಾಡುಹೂವಿಗೆ ಯಾರ್ಯಾರು ಹೆಸರಿಟ್ಟರು

ಗಿಡ ಬೆಳೆಸುವವರ ಒಂದು ಬಳಗದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೇಳುಗರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ಹೂ ನಿಮಗೆಲ್ಲ ಪರಿಚಯದ್ದೇ. ಮದುವೆ ಮಂಟಪದಲ್ಲಿ, ಹೋಟೆಲ್ ಲಾಬಿಯಲ್ಲಿ, ದೊಡ್ಡ ಬೊಕೆಗಳಲ್ಲಿ ನೋಡಿದ್ದೀರಿ. ಅಂಗಡಿಯವರು ಬರ್ಡ್ ಆಫ್ ಪ್ಯಾರಡೈಸ್ ಎಂದು ಮಾರುತ್ತಾರೆ. ಆ ಹೆಸರಿನ ಹಕ್ಕಿಗಳಿರುವುದು ನ್ಯೂಗಿನಿ ಮತ್ತು ಅದರ ಸುತ್ತಮುತ್ತಲಿನ ಕಾಡುಗಳಲ್ಲಿ. ಈ ಹೂವಿನ ತವರು ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿ. ಎರಡರ ನಡುವೆ ಇಡೀ ಹಿಂದೂ ಮಹಾಸಾಗರ ಇದೆ. ಇನ್ನು ಸಸ್ಯಶಾಸ್ತ್ರದವರು ಇದನ್ನು ಸ್ಟ್ರೆಲಿಟ್ಸಿಯಾ ರೆಜಿನೇ ಎನ್ನುತ್ತಾರೆ. ಆ ಹೆಸರಿನೊಳಗೆ ಉತ್ತರ ಜರ್ಮನಿಯ ಒಂದು ಪುಟ್ಟ ಸಂಸ್ಥಾನವಿದೆ, ಇಂಗ್ಲೆಂಡಿನ ಒಬ್ಬ ರಾಣಿಯಿದ್ದಾಳೆ. ಆಫ್ರಿಕಾ ಎಲ್ಲೂ ಇಲ್ಲ.

ಗಿಡ ಹುಟ್ಟಿದ ಊರಿನಲ್ಲಿ ಖೋಸಾ ಭಾಷೆಯವರು ಇದನ್ನು ಇಖಮಂಗ ಎನ್ನುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಹೆಸರುಗಳ ಬಗ್ಗೆ. ಒಂದು ಕಾಡುಗಿಡಕ್ಕೆ ಹೆಸರಿಡುವಾಗ ಆ ಕೋಣೆಯಲ್ಲಿ ಯಾರಿದ್ದರು, ಯಾರು ಇರಲಿಲ್ಲ ಅನ್ನುವುದು ಹೆಸರಿನಲ್ಲೇ ಉಳಿದುಬಿಡುತ್ತದೆ. ಅದನ್ನು ಓದುವುದು ಗಿಡ ಬೆಳೆಸುವ ನಮಗೂ ಗೊತ್ತಿರಬೇಕು ಎಂದು ನನಗನ್ನಿಸುತ್ತದೆ.

ಮೊದಲು ಹೂವನ್ನು ಹತ್ತಿರದಿಂದ ನೋಡೋಣ. ಹೆಸರಿನ ಗಲಾಟೆಯಲ್ಲಿ ಗಿಡವೇ ಮರೆತುಹೋಗಬಾರದು, ಅಲ್ವಾ? ದಂಟಿನ ತುದಿಯಲ್ಲಿ ಅಡ್ಡಕ್ಕೆ ಬಾಗಿರುವ ಈ ಹಸಿರು ಕೊಕ್ಕಿನಂಥ ಭಾಗ ಹೂವಲ್ಲ. ಹೂಗಳನ್ನು ಒಳಗಿಟ್ಟುಕೊಂಡಿರುವ ಹೊದಿಕೆ. ಮೇಲಂಚಿನಲ್ಲಿ ಕೆಂಪು ಛಾಯೆ ಇದೆ, ನೋಡಿ. ಇದರೊಳಗಿಂದ ಹೂಗಳು ಒಂದಾದ ಮೇಲೆ ಒಂದು ಎದ್ದು ಬರುತ್ತವೆ. ಒಂದು ಬಾಡುವ ಹೊತ್ತಿಗೆ ಇನ್ನೊಂದು ತಲೆ ಎತ್ತುತ್ತದೆ. ಕಿತ್ತಳೆ ಬಣ್ಣದ ಮೂರು ಎಸಳು ಹೊರಸುತ್ತಿನವು. ನೀಲಿ ಬಣ್ಣದವು ಒಳಸುತ್ತಿನವು, ಅವೂ ಮೂರೇ. ಅದರಲ್ಲಿ ಎರಡು ಒಂದಕ್ಕೊಂದು ಸೇರಿ ಬಾಣದ ಮೊನೆಯಾಗಿವೆ. ಮೂರನೆಯದು ಬುಡದಲ್ಲಿ ಚಿಕ್ಕದಾಗಿ ಉಳಿದು ಮಕರಂದವನ್ನು ಕಾಯುತ್ತಿದೆ.

ಈಗ ನೀಲಿ ಬಾಣವನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತುತ್ತೇನೆ. ನೋಡಿ, ಮಧ್ಯದ ಸೀಳು ಬಿಚ್ಚಿಕೊಂಡಿತು. ಒಳಗೆ ಬಚ್ಚಿಟ್ಟಿದ್ದ ಐದು ಕೇಸರಗಳು ಕಾಣಿಸಿದವು. ಬೆರಳಿಗೆ ಪರಾಗ ಮೆತ್ತಿಕೊಂಡಿತು. ಅಲ್ಲಿನ ಕಾಡಿನಲ್ಲಿ ನನ್ನ ಬೆರಳಿನ ಕೆಲಸವನ್ನು ಹಕ್ಕಿಯ ಕಾಲು ಮಾಡುತ್ತದೆ. ಸೂರಕ್ಕಿಗಳು ಬರುತ್ತವೆ. ಕೇಪ್ ಗೀಜಗಗಳೂ ಬರುತ್ತವೆ. ಮಕರಂದಕ್ಕೆಂದು ಬಾಣದ ಮೇಲೆ ಕೂತರೆ ಅವುಗಳ ಭಾರಕ್ಕೆ ಸೀಳು ತೆರೆಯುತ್ತದೆ. ಪರಾಗ ಕಾಲಿಗೆ ಅಂಟುತ್ತದೆ. ಇನ್ನೊಂದು ಹೂವಿಗೆ ಹೋದಾಗ, ಬಾಣದ ತುದಿಯಿಂದ ಹೊರಗೆ ಚಾಚಿರುವ ಈ ಅಂಟಂಟು ಮೊನೆಗೆ ಅದು ತಾಗುತ್ತದೆ. ಇಷ್ಟು ಗಟ್ಟಿಮುಟ್ಟಾದ ಹೂ ಯಾಕೆ ಅಂದರೆ ಇದಕ್ಕೇ. ಹಕ್ಕಿಯ ಭಾರ ಹೊರಬೇಕು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 2009ರಲ್ಲಿ ಫ್ಲಾರಿಡಾದ ಸಂಶೋಧಕರು ಇದೇ ಕುಲದ ದೊಡ್ಡ ಗಿಡವೊಂದರ ಬೀಜವನ್ನು ಪರೀಕ್ಷಿಸಿದರು. ಕಪ್ಪು ಬೀಜ, ಅದರ ತಲೆಯ ಮೇಲೆ ಕಿತ್ತಳೆ ಬಣ್ಣದ ಕುಚ್ಚು. ಆ ಬಣ್ಣ ಬಿಲಿರುಬಿನ್‌ನಿಂದ ಬಂದದ್ದು ಎಂದು ತಿಳಿಯಿತು. ಕಾಮಾಲೆ ಆದಾಗ ಕಣ್ಣು ಹಳದಿಯಾಗುತ್ತದಲ್ಲ, ಅದಕ್ಕೆ ಕಾರಣವಾಗುವ ವಸ್ತು ಅದೇ. ಅಲ್ಲಿಯವರೆಗೆ ಬಿಲಿರುಬಿನ್ ಇರುವುದು ಪ್ರಾಣಿಗಳಲ್ಲಿ ಮಾತ್ರ ಎಂದು ಎಲ್ಲರೂ ನಂಬಿದ್ದರು. ಮರು ವರ್ಷ ನಮ್ಮ ಮುಂದಿರುವ ಈ ಹೂವಿನ ಕಿತ್ತಳೆ ಎಸಳಿನಲ್ಲೂ ಅದು ಸಿಕ್ಕಿತು.

ಈಗ ಊರಿನ ಕಡೆ ಹೋಗೋಣ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯ, ಅದರಾಚೆ ಕ್ವಾಜುಲು-ನಟಾಲ್. ಕರಾವಳಿಗೆ ಹತ್ತಿರದ ಕುರುಚಲು ಕಾಡು, ಹೊಳೆ ದಂಡೆ, ಮರಗಳ ನಡುವೆ ಸ್ವಲ್ಪ ಬಯಲಾದ ಜಾಗ. ಇಂಥಲ್ಲಿ ಇಖಮಂಗ ತಾನಾಗಿ ಬೆಳೆಯುತ್ತದೆ. ಇದು ಬಾಳೆಯ ದೂರದ ನೆಂಟ. ಎಲೆ ನೋಡಿದರೆ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಲದ ದೊಡ್ಡ ಗಿಡಗಳು ಮರದಷ್ಟು ಎತ್ತರ ಹೋಗುತ್ತವೆ. ಅವುಗಳ ಒಣಗಿದ ಎಲೆದಂಟಿನಿಂದ ಅಲ್ಲಿನ ಜನ ಹಗ್ಗ ಮಾಡಿಕೊಳ್ಳುತ್ತಿದ್ದರು. ಮನೆ ಕಟ್ಟಲು, ಮೀನಿನ ಬೇಲಿ ಹೆಣೆಯಲು ಅದೇ ಹಗ್ಗ. ಬೀಜ ಕುಟ್ಟಿ ತಟ್ಟಿ ಕೆಂಡದ ಮೇಲೆ ಸುಟ್ಟು ತಿನ್ನುತ್ತಿದ್ದರು. ಹೀಗೆ ದಿನಾ ಕೈಗೆ ಸಿಗುವ ಗಿಡಕ್ಕೆ ಹೆಸರಿಲ್ಲದೆ ಇರಲು ಸಾಧ್ಯವೇ? ಯುರೋಪಿನವರು ಬರುವ ಮುಂಚೆಯೇ ಇದಕ್ಕೆ ಹೆಸರಿತ್ತು. ಅಚ್ಚಿನಲ್ಲಿ ಇರಲಿಲ್ಲ, ಅಷ್ಟೇ.

ಅಚ್ಚಿಗೆ ಬಂದ ಕಥೆ 1772ರಲ್ಲಿ ಶುರುವಾಗುತ್ತದೆ. ಆ ವರ್ಷ ಕ್ಯಾಪ್ಟನ್ ಕುಕ್ ತನ್ನ ಎರಡನೆಯ ಯಾನಕ್ಕೆ ಹೊರಟ. ಅವನ ರೆಸಲ್ಯೂಷನ್ ಹಡಗಿನಲ್ಲಿ ಒಬ್ಬ ತೋಟಗಾರನೂ ಇದ್ದ. ಹೆಸರು ಫ್ರಾನ್ಸಿಸ್ ಮ್ಯಾಸನ್. ಸ್ಕಾಟ್ಲೆಂಡಿನ ಅಬರ್ಡೀನ್‌ನವನು. ಲಂಡನ್ ಪಕ್ಕದ ಕ್ಯೂನಲ್ಲಿದ್ದ ರಾಜರ ತೋಟದಲ್ಲಿ ಕೆಲಸಕ್ಕಿದ್ದ. ಕ್ಯೂ ತೋಟ ಗಿಡ ಹುಡುಕಲೆಂದೇ ಹೊರದೇಶಕ್ಕೆ ಕಳಿಸಿದ ಮೊದಲ ಮನುಷ್ಯ ಇವನು. ಸಂಬಳ ವರ್ಷಕ್ಕೆ 100 ಪೌಂಡ್. ಇವನನ್ನು ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ಇಳಿಸಿ ಹಡಗು ದಕ್ಷಿಣಕ್ಕೆ ಹೋಯಿತು. ಆಗ ಕೇಪ್ ಇದ್ದದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿ.

ಅಲ್ಲಿ ಮ್ಯಾಸನ್‌ಗೆ ಒಬ್ಬ ಜೊತೆಗಾರ ಸಿಕ್ಕ. ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬರ್ಗ್. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಶಿಷ್ಯ. ಅವನಿಗೆ ಹೋಗಬೇಕಾಗಿದ್ದದ್ದು ಜಪಾನಿಗೆ. ಆಗ ಜಪಾನು ಯುರೋಪಿನವರಲ್ಲಿ ಡಚ್ಚರನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಡಚ್ ಭಾಷೆ ಕಲಿತು ಡಚ್ಚರವನಂತೆ ಹೋಗೋಣ ಎಂದು ಕೇಪ್‌ನಲ್ಲಿ ಸುಮಾರು 3 ವರ್ಷ ಉಳಿದಿದ್ದ. ಇಬ್ಬರೂ ಎತ್ತಿನ ಗಾಡಿ ಕಟ್ಟಿಕೊಂಡು 2 ದೊಡ್ಡ ಪ್ರಯಾಣ ಮಾಡಿದರು. ಒಬ್ಬ ಕೈ ಕೆಸರು ಮಾಡಿಕೊಂಡು ಬೆಳೆದ ತೋಟಗಾರ, ಇನ್ನೊಬ್ಬ ಓದಿದ ಪಂಡಿತ. ಗಾಡಿ ಹೊಡೆದವರು, ದಾರಿ ಗೊತ್ತಿದ್ದವರು ಅಲ್ಲಿನ ಮೂಲನಿವಾಸಿಗಳಾದ ಖೊಯ್‌ಖೊಯ್ ಜನ. ಪಂಡಿತನ ಹೆಸರೂ ತೋಟಗಾರನ ಹೆಸರೂ ಗಿಡಗಳಿಗೆ ಹೋದವು. ಗಾಡಿ ಹೊಡೆದವರ ಹೆಸರುಗಳು ಹೋಗಲಿಲ್ಲ.

ಮ್ಯಾಸನ್ ನೆನಪಿಗೆ ಮ್ಯಾಸೋನಿಯಾ ಇದೆ. ಎರಡೇ ಎಲೆಗಳನ್ನು ನೆಲಕ್ಕೆ ಹಾಸಿಕೊಂಡು ಮಲಗುವ ಪುಟ್ಟ ಗೆಡ್ಡೆ ಗಿಡ. ಥುನ್‌ಬರ್ಗ್ ನೆನಪಿಗೆ ಥುನ್‌ಬರ್ಜಿಯಾ. ಈ ಹೆಸರನ್ನು ನೀವು ಕೇಳಿರಲೇಬೇಕು. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಹಳದಿ ಮತ್ತು ಕೆಂಗಂದು ಬಣ್ಣದ ಹೂಗಳನ್ನು ಉದ್ದಕ್ಕೆ ಇಳಿಬಿಡುವ ಬಳ್ಳಿಯೊಂದಿದೆ. ಈಗ ಎಷ್ಟೋ ಮನೆಗಳ ಚಪ್ಪರದ ಮೇಲೂ ಇದೆ. ಅದರ ಹೆಸರು ಥುನ್‌ಬರ್ಜಿಯಾ ಮೈಸೂರೆನ್ಸಿಸ್. ಹೆಸರಿನ ಎರಡನೆಯ ಭಾಗ ನಮ್ಮ ಮೈಸೂರು. ಮೊದಲ ಭಾಗ ಕೇಪ್‌ನಲ್ಲಿ ಎತ್ತಿನ ಗಾಡಿಯಲ್ಲಿ ಓಡಾಡಿದ ಸ್ವೀಡನ್ನಿನವನದ್ದು. ಅವನು ನಮ್ಮ ಘಟ್ಟ ಹತ್ತಿದವನಲ್ಲ. 1780ರಲ್ಲಿ ಕೇಪ್‌ನದ್ದೇ ಒಂದು ಗಿಡಕ್ಕೆ ಮೊದಲು ಅವನ ಹೆಸರು ಬಂತು. ಎಷ್ಟೋ ವರ್ಷದ ಮೇಲೆ ನಮ್ಮ ಬಳ್ಳಿಯೂ ಅದೇ ಕುಲಕ್ಕೆ ಸೇರಿದ್ದು ಎಂದು ಗೊತ್ತಾದಾಗ ಹೆಸರು ಇಲ್ಲಿಗೂ ಬಂತು. ಆ ಬಳ್ಳಿಗೂ ಸೂರಕ್ಕಿಗಳು ಬರುವುದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ.

ಸ್ಟ್ರೆಲಿಟ್ಸಿಯಾ ಕ್ಯೂ ತೋಟಕ್ಕೆ ಬಂದದ್ದು 1773ರಲ್ಲಿ. ತಂದುಕೊಟ್ಟವರು ಸರ್ ಜೋಸೆಫ್ ಬ್ಯಾಂಕ್ಸ್ ಎಂದು ಹಳೆಯ ದಾಖಲೆ ಹೇಳುತ್ತದೆ. ಆ ವರ್ಷ ಬ್ಯಾಂಕ್ಸ್ ಕೇಪ್‌ನಲ್ಲಿ ಇರಲಿಲ್ಲ. ಅಲ್ಲಿ ಕ್ಯೂ ಪರವಾಗಿ ಗಿಡ ಹುಡುಕುತ್ತಿದ್ದವನು ಮ್ಯಾಸನ್. ಅದಕ್ಕೇ ಇವತ್ತು ತೋಟಗಾರಿಕೆಯ ಜನ ಇದರ ಶ್ರೇಯಸ್ಸನ್ನು ಮ್ಯಾಸನ್‌ಗೇ ಕೊಡುತ್ತಾರೆ. ಕಳಿಸಿದವನ ಹೆಸರು ದಾಖಲೆಗೆ ಹೋಗುವುದು, ತಂದವನದ್ದು ಹಿಂದೆ ಉಳಿಯುವುದು ಆ ಕಾಲದಲ್ಲಿ ಮಾಮೂಲಿ.

ಬ್ಯಾಂಕ್ಸ್ ಯಾರು ಎಂದು ಸ್ವಲ್ಪ ಹೇಳಬೇಕು. ಶ್ರೀಮಂತ. ಕುಕ್‌ನ ಮೊದಲ ಯಾನದಲ್ಲಿ ಲೋಕ ಸುತ್ತಿ 1771ರಲ್ಲಿ ಮರಳಿದ್ದ. ಮೂರನೆಯ ಜಾರ್ಜ್ ದೊರೆಗೆ ಆಪ್ತ. ಕ್ಯೂ ತೋಟದಲ್ಲಿ ಅವನ ಮಾತೇ ನಡೆಯುತ್ತಿತ್ತು. 1778ರಿಂದ ಸಾಯುವ ತನಕ ಇಂಗ್ಲೆಂಡಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷ. ಮ್ಯಾಸನ್‌ನಂಥವರನ್ನು ಹೊರದೇಶಕ್ಕೆ ಕಳಿಸಲು ಹಣ ಬರಬೇಕಾದದ್ದು ಅರಮನೆಯಿಂದ. ಹಾಗಾಗಿ ತೋಟದ ಅತಿ ಚೆಂದದ ಹೊಸ ಹೂವಿಗೆ ಅರಮನೆಯ ಹೆಸರು ಬಂದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಜಾರ್ಜ್ ದೊರೆಯ ಹೆಂಡತಿ ಷಾರ್ಲೆಟ್. 1744ರಲ್ಲಿ ಹುಟ್ಟಿದ್ದು ಮೆಕ್ಲೆನ್‌ಬರ್ಗ್-ಸ್ಟ್ರೆಲಿಟ್ಜ್ ಎಂಬ ಪುಟ್ಟ ಜರ್ಮನ್ ಸಂಸ್ಥಾನದಲ್ಲಿ. 1761ರಲ್ಲಿ, 17ನೆಯ ವಯಸ್ಸಿಗೆ ಲಂಡನ್ನಿಗೆ ಬಂದು ಮದುವೆಯಾದಳು. ಬ್ಯಾಂಕ್ಸ್ ಕುಲದ ಹೆಸರನ್ನು ಅವಳ ತವರಿನಿಂದ ತೆಗೆದ, ಸ್ಟ್ರೆಲಿಟ್ಸಿಯಾ. ಜಾತಿಯ ಹೆಸರು ರೆಜಿನೇ, ಅಂದರೆ ಲ್ಯಾಟಿನ್‌ನಲ್ಲಿ 'ರಾಣಿಯ'. 1789ರಲ್ಲಿ ವಿಲಿಯಂ ಐಟನ್ ಕ್ಯೂ ತೋಟದ ಗಿಡಗಳ ಪಟ್ಟಿಯನ್ನು 'ಹಾರ್ಟಸ್ ಕ್ಯೂಯೆನ್ಸಿಸ್' ಎಂಬ ಪುಸ್ತಕವಾಗಿ ಹೊರತಂದಾಗ ಹೆಸರು ಎಲ್ಲರಿಗೂ ತಿಳಿಯಿತು. ಅದಕ್ಕೂ ಮುಂಚೆ ಬ್ಯಾಂಕ್ಸ್ ಹೂವಿನ ಚಿತ್ರ ಅಚ್ಚು ಹಾಕಿಸಿ ತನ್ನವರಿಗೆ ಹಂಚಿದ್ದ.

ಷಾರ್ಲೆಟ್ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಲಿನೇಯಸ್ ಒಂದು ನಿಯಮ ಹೇಳಿದ್ದ. ರಾಜರ ಹೆಸರನ್ನು ಗಿಡಕ್ಕೆ ಇಡಬಹುದು, ಅವರು ಸಸ್ಯಶಾಸ್ತ್ರಕ್ಕೆ ನೆರವಾಗಿದ್ದರೆ ಎಂದು. ರಾಣಿ ಈ ಪರೀಕ್ಷೆಯಲ್ಲಿ ಪಾಸಾಗುತ್ತಾಳೆ. ಅವಳಿಗೆ ಗಿಡಗಳಲ್ಲಿ ನಿಜವಾದ ಆಸಕ್ತಿ ಇತ್ತು. ಲಿನೇಯಸ್‌ನ ಸಂಗ್ರಹಗಳನ್ನು ಕೊಂಡು ತಂದಿದ್ದ ಜೇಮ್ಸ್ ಎಡ್ವರ್ಡ್ ಸ್ಮಿತ್‌ನನ್ನು ಕರೆಸಿ ತಾನೂ ಮಕ್ಕಳೂ ಸಸ್ಯಶಾಸ್ತ್ರದ ಪಾಠ ಹೇಳಿಸಿಕೊಂಡಳು. ಕ್ಯೂನಲ್ಲಿದ್ದ ಚಿತ್ರಕಾರ ಫ್ರಾನ್ಸ್ ಬಾವರ್ ಸ್ಟ್ರೆಲಿಟ್ಸಿಯಾದ ಅಂಗಾಂಗಗಳನ್ನೆಲ್ಲ ಬಿಡಿಸಿ 1818ರಲ್ಲಿ ಚಿತ್ರಮಾಲೆಯನ್ನೇ ತಂದ. ಅದೇ ವರ್ಷ ನವೆಂಬರ್‌ನಲ್ಲಿ ರಾಣಿ ತೀರಿಕೊಂಡಳು, ಕ್ಯೂ ಅರಮನೆಯಲ್ಲೇ.

ಸ್ಟ್ರೆಲಿಟ್ಜ್ ಅನ್ನುವ ಊರಿನ ಹೆಸರು ಜರ್ಮನ್ ಭಾಷೆಯದೂ ಅಲ್ಲ. ಆ ಭಾಗದಲ್ಲಿ ಮೊದಲಿದ್ದ ಸ್ಲಾವ್ ಜನರ ಮಾತಿನಿಂದ ಬಂದದ್ದು. ಬಿಲ್ಲುಗಾರರು ಎಂದು ಅರ್ಥ. ಬಾಣದಂಥ ನೀಲಿ ಎಸಳಿನ ಹೂವಿಗೆ ಬಿಲ್ಲುಗಾರರ ಊರಿನ ಹೆಸರು ಬಿದ್ದದ್ದು ಬರೀ ಕಾಕತಾಳೀಯ. ಆದರೂ ನನಗೆ ಇದು ಇಷ್ಟ.

ಬ್ಯಾಂಕ್ಸ್ ಬೇರೆ ಏನಾದರೂ ಮಾಡಬಹುದಾಗಿತ್ತೇ? ಆ ಕಾಲದವರನ್ನು ಈ ಕಾಲದ ಅಳತೆಯಲ್ಲಿ ಅಳೆಯಬೇಡಿ ಎಂದು ಕೆಲವರು ಹೇಳುತ್ತಾರೆ. ಸರಿ, ಆ ಕಾಲದ ಅಳತೆಯಲ್ಲೇ ನೋಡೋಣ. ನಮ್ಮಲ್ಲಿ ಎಷ್ಟೋ ಕಾಂಪೌಂಡುಗಳಲ್ಲಿ ಬೀಸಣಿಗೆಯಂತೆ ಎಲೆ ಹರಡಿ ನಿಲ್ಲುವ ಟ್ರಾವೆಲರ್ಸ್ ಪಾಮ್ ಇದೆಯಲ್ಲ, ಅದು ತಾಳೆಯಲ್ಲ. ಸ್ಟ್ರೆಲಿಟ್ಸಿಯಾದ ಕುಟುಂಬದ್ದೇ. ಮಡಗಾಸ್ಕರ್‌ನ ಗಿಡ. ಅದಕ್ಕೆ ಫ್ರಾನ್ಸಿನ ಆದಾನ್ಸನ್ 1763ರಲ್ಲೇ ರವೆನಾಲ ಎಂದು ಹೆಸರಿಟ್ಟ. ಅದು ಮಡಗಾಸ್ಕರ್ ಜನರದೇ ಮಾತು, ಕಾಡಿನ ಎಲೆ ಎಂದು. ಸ್ಥಳದ ಜನರನ್ನು ಕೇಳಿ, ಅವರ ಮಾತನ್ನೇ ಶಾಸ್ತ್ರದ ಹೆಸರು ಮಾಡುವ ದಾರಿ ಆಗಲೂ ಇತ್ತು ಎಂದಾಯಿತು. ಲಿನೇಯಸ್‌ಗೆ ಆ ದಾರಿ ಹಿಡಿಸಲಿಲ್ಲ. ಗ್ರೀಕ್, ಲ್ಯಾಟಿನ್ ಮೂಲ ಇಲ್ಲದ ಹೆಸರುಗಳು ಅನಾಗರಿಕ ಎಂದು ಅವನು ಬರೆದ. ಯುರೋಪು ಹೆಚ್ಚಾಗಿ ಅವನ ಹಿಂದೆ ಹೋಯಿತು. ಒಂದೇ ಕುಟುಂಬದ ಎರಡು ಗಿಡ, ಹೆಸರಿಟ್ಟದ್ದು 30 ವರ್ಷದೊಳಗೆ. ಒಂದರಲ್ಲಿ ಊರಿನವರ ದನಿ ಉಳಿಯಿತು. ಇನ್ನೊಂದರಲ್ಲಿ ಅರಮನೆಯದು. ಹಾಗಾಗಿ ಇದು ಕಾಲದ ಮಾತಲ್ಲ, ಆಯ್ಕೆಯ ಮಾತು ಎಂದು ನಾನು ನಂಬಿದ್ದೇನೆ.

ಇದರ ಒಡಹುಟ್ಟುಗಳ ಹೆಸರುಗಳನ್ನೂ ನೋಡಿ. ಬಿಳಿ ಹೂವಿನದೊಂದಿದೆ, ಎತ್ತರದ ಗಿಡ, ದಕ್ಷಿಣ ತೀರದ ನೈಸ್ನಾ ಮತ್ತು ಪ್ಲೆಟನ್‌ಬರ್ಗ್ ಬೇ ಸುತ್ತಮುತ್ತಲಿನದು. ಲಿನೇಯಸ್‌ನ ಮಗ 1782ರಲ್ಲಿ ಇದನ್ನು ಹೆಲಿಕೋನಿಯಾ ಕುಲಕ್ಕೆ ಸೇರಿಸಿ ಆಲ್ಬ, ಅಂದರೆ ಬಿಳಿಯದು ಎಂದ. 10 ವರ್ಷದ ಮೇಲೆ ನಮ್ಮ ಥುನ್‌ಬರ್ಗ್ ಇದನ್ನು ಸ್ಟ್ರೆಲಿಟ್ಸಿಯಾಕ್ಕೆ ತಂದು ಆಗಸ್ಟ ಎಂಬ ಭರ್ಜರಿ ಹೆಸರು ಕೊಟ್ಟ. 120 ವರ್ಷ ಜನ ಹಾಗೇ ಕರೆದರು. 1912ರಲ್ಲಿ ಅಮೆರಿಕದ ಸ್ಕೀಲ್ಸ್ ಎಂಬುವನು ಹಳೆಯ ಪುಸ್ತಕ ತೆಗೆದು, ಮೊದಲು ಅಚ್ಚಾದದ್ದು ಆಲ್ಬ, ಅದೇ ಇರಬೇಕು ಎಂದ. ಅದೇ ಉಳಿಯಿತು. ಸಸ್ಯಗಳ ಹೆಸರಿನ ನಿಯಮ ಹೀಗೇ. 1753ರ ಮೇ 1ರಿಂದ ಈಚೆಗೆ ಯಾವುದು ಮೊದಲು ಅಚ್ಚಾಯಿತೋ ಅದಕ್ಕೆ ಹಕ್ಕು. ಬಾಯಲ್ಲಿ ಎಷ್ಟು ಹಿಂದಿನಿಂದ ಇತ್ತು ಅನ್ನುವುದು ಲೆಕ್ಕಕ್ಕಿಲ್ಲ.

ಆದರೆ ಪ್ಲೆಟನ್‌ಬರ್ಗ್ ಬೇ ಊರಿನಲ್ಲಿ ಹೋಗಿ ಆಲ್ಬ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಅದು ಕಾಡುಬಾಳೆ. ಊರ ಪಕ್ಕದ ಹೊಳೆಯ ಹೆಸರೇ ಪಿಸಾಂಗ್ ಹೊಳೆ, ದಂಡೆಯಲ್ಲಿ ಈ ಗಿಡ ಇದ್ದುದರಿಂದ. ಆಫ್ರಿಕಾನ್ಸ್ ಭಾಷೆಯಲ್ಲಿ ಪಿಸಾಂಗ್ ಅಂದರೆ ಬಾಳೆ. ಆ ಮಾತು ಬಂದದ್ದು ಮಲಯ ಭಾಷೆಯಿಂದ. ಡಚ್ ಕಂಪನಿಯ ಹಡಗುಗಳಲ್ಲಿ ಇಂಡೋನೇಷ್ಯಾದ ದ್ವೀಪಗಳಿಂದ, ಬಂಗಾಳದಿಂದ, ಮಲಬಾರಿನಿಂದ ಗುಲಾಮರಾಗಿ ಕೇಪ್‌ಗೆ ಹೋದ ಜನರಿದ್ದರು. ಅವರ ಅಡುಗೆಮನೆಯ ಮಾತುಗಳು ಅಲ್ಲಿನ ಭಾಷೆಗೆ ಸೇರಿದವು. ಯಾರೂ ಯಾವ ಸಭೆಯಲ್ಲೂ ಈ ಹೆಸರಿಗೆ ಒಪ್ಪಿಗೆ ಕೊಟ್ಟಿಲ್ಲ. ಆದರೂ ನಕ್ಷೆಯ ಮೇಲೆ ನಿಂತಿದೆ.

ಇನ್ನೊಂದು ದೊಡ್ಡದು ನಿಕೊಲಾಯ್. 1858ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹೆಸರಿಟ್ಟರು, ರಷ್ಯಾದ ರಾಜಮನೆತನದ ನಿಕೊಲಾಯ್ ನೆನಪಿಗೆ. ಜುಲು ಜನ ಅದನ್ನು ಇಸಿಗುಡೆ ಎನ್ನುತ್ತಾರೆ. ಮತ್ತೊಂದು ಜುನ್ಸಿಯಾ, ಅಂದರೆ ಜೊಂಡಿನಂಥದ್ದು. ಇದರ ಎಲೆಗೆ ಅಗಲವೇ ಇಲ್ಲ, ಬರೀ ಕಡ್ಡಿ. ಬಹಳ ಕಾಲ ಇದನ್ನು ರೆಜಿನೇಯ ಒಂದು ಬಗೆ ಎಂದುಕೊಂಡಿದ್ದರು. ಕಾಡಿನಲ್ಲಿ ಈಗ ಜಾಸ್ತಿ ಉಳಿದಿಲ್ಲ.

ಈ ಜುನ್ಸಿಯಾ ಬೆಳೆಯುವ ಜಾಗವನ್ನು ಹಳೆಯ ಪುಸ್ತಕಗಳು ಪೋರ್ಟ್ ಎಲಿಜಬೆತ್ ಹತ್ತಿರ ಎನ್ನುತ್ತವೆ. 2021ರಿಂದ ಆ ಊರು ಕೆಬೆರ್ಹಾ. ಊರ ಮಧ್ಯೆ ಹರಿಯುವ ಹೊಳೆಗೆ ಖೋಸಾ ಜನ ಇಟ್ಟ ಹೆಸರು ಅದು. ಎಲಿಜಬೆತ್ ಯಾರು ಗೊತ್ತೇ? 1820ರಲ್ಲಿ ಕೇಪ್‌ನ ಹಂಗಾಮಿ ಗವರ್ನರ್ ಆಗಿದ್ದ ಡಾಂಕಿನ್ ಎಂಬುವನ ಹೆಂಡತಿ. ಅವಳು ಆ ಊರನ್ನು ನೋಡಿಯೇ ಇರಲಿಲ್ಲ. 1818ರಲ್ಲಿ ನಮ್ಮ ಮೀರತ್‌ನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಗಂಡನ ದುಃಖ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬನ ಖಾಸಗಿ ದುಃಖ ಒಂದು ಹೊಳೆಯ ಹೆಸರನ್ನು 200 ವರ್ಷ ಮುಚ್ಚಿಟ್ಟಿತು.

ದಕ್ಷಿಣ ಆಫ್ರಿಕಾದವರೇ ಈ ಹೂವನ್ನು ಏನೆಂದು ಕಂಡರು ಎಂದೂ ಹೇಳಬೇಕು. ಅವರ 50 ಸೆಂಟ್ ನಾಣ್ಯದ ಮೇಲೆ ಈ ಹೂ ಬಂದಿದೆ. ಕ್ವಾಜುಲು-ನಟಾಲ್ ಪ್ರಾಂತ್ಯದ ಲಾಂಛನದಲ್ಲಿ ಇದೆ. 2003ರಲ್ಲಿ ಸರ್ಕಾರ ಹೊಸ ರಾಷ್ಟ್ರೀಯ ಗೌರವಗಳನ್ನು ಶುರು ಮಾಡಿತು. ಸಾಹಿತ್ಯ, ಸಂಗೀತ, ಕಲೆ, ಪತ್ರಿಕೋದ್ಯಮ, ಕ್ರೀಡೆ ಇವುಗಳಲ್ಲಿ ಸಾಧಿಸಿದವರಿಗೆ ಕೊಡುವ ಗೌರವದ ಹೆಸರು ಆರ್ಡರ್ ಆಫ್ ಇಖಮಂಗ. ಅದಕ್ಕೆ ಸ್ಟ್ರೆಲಿಟ್ಸಿಯಾ ಎಂದು ಹೆಸರಿಡಬಹುದಾಗಿತ್ತು, ಜಗತ್ತಿಗೆ ಬೇಗ ಅರ್ಥವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಸ್ಟ್ರೆಲಿಟ್ಸಿಯಾದಲ್ಲಿ ಅಪರೂಪಕ್ಕೆ ಕಿತ್ತಳೆಯ ಬದಲು ಹಳದಿ ಎಸಳಿನ ಗಿಡ ಹುಟ್ಟುತ್ತದೆ. ಕೇಪ್ ಟೌನ್‌ನ ಕಿರ್ಸ್ಟನ್‌ಬೋಷ್ ಸಸ್ಯೋದ್ಯಾನದಲ್ಲಿ ಜಾನ್ ವಿಂಟರ್ ಎಂಬ ತೋಟಗಾರಿಕೆ ತಜ್ಞ 1970ರ ದಶಕದಲ್ಲಿ ಅಂಥ ಗಿಡದ ಹಿಂದೆ ಬಿದ್ದ. ಹಳದಿ ಹೂವಿಗೆ ಹಳದಿ ಹೂವಿನ ಪರಾಗವನ್ನೇ ಕೈಯಿಂದ ಮುಟ್ಟಿಸಬೇಕು. ಬೀಜ ಬಲಿಯಲು ತಿಂಗಳುಗಟ್ಟಲೆ ಬೇಕು. ಸಸಿ ಹೂ ಬಿಡಲು ವರ್ಷಗಟ್ಟಲೆ ಬೇಕು. ಹೂ ಬಿಟ್ಟ ಮೇಲೆಯೇ ಹಳದಿಯೋ ಅಲ್ಲವೋ ಗೊತ್ತಾಗುವುದು. ಇದರ ನಡುವೆ ಅಲ್ಲಿನ ಬೂದು ಅಳಿಲುಗಳು ಬೀಜ ತಿಂದುಹಾಕುತ್ತಿದ್ದವು. ಅದಕ್ಕೆ ಪರಾಗ ಮುಟ್ಟಿಸಿದ ಹೂಗಳಿಗೆ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿದರು. ಹೆಚ್ಚು ಕಡಿಮೆ 20 ವರ್ಷದ ಕೆಲಸ. ಕೊನೆಗೆ ಹಂಚಲು ಆಗುವಷ್ಟು ಬೀಜ ಕೈಗೆ ಬಂತು. ಮೊದಲು ಅದನ್ನು ಕಿರ್ಸ್ಟನ್‌ಬೋಷ್ ಗೋಲ್ಡ್ ಎಂದರು. 1996ರಲ್ಲಿ ಹೆಸರು ಬದಲಾಯಿಸಿ ಮಂಡೇಲಾಸ್ ಗೋಲ್ಡ್ ಮಾಡಿದರು.

ನೆಲ್ಸನ್ ಮಂಡೇಲಾ ಹುಟ್ಟಿದ್ದು ಈಸ್ಟರ್ನ್ ಕೇಪ್‌ನಲ್ಲಿ, ಈ ಗಿಡದ ಪ್ರಾಂತ್ಯದಲ್ಲೇ. ಅವರ ತಾಯಿನುಡಿ ಖೋಸಾ. ಇಖಮಂಗ ಎಂಬ ಮಾತು ಅವರ ಮನೆಯ ಮಾತು. ಗಿಡದ ಮುಂದಿರುವ ಲೇಬಲ್ಲಿನಲ್ಲಿ ಈಗ ಇಬ್ಬರ ನೆನಪೂ ಅಕ್ಕಪಕ್ಕ ಇದೆ. ಸ್ಟ್ರೆಲಿಟ್ಸಿಯಾ ರೆಜಿನೇ, ಮಂಡೇಲಾಸ್ ಗೋಲ್ಡ್. ಗಿಡವನ್ನು ನೋಡದ ನೆಲದಿಂದ ಬಂದ ರಾಣಿ, ಆ ನೆಲದಲ್ಲೇ ಹುಟ್ಟಿ 27 ವರ್ಷ ಜೈಲಿನಲ್ಲಿ ಕಳೆದ ಮನುಷ್ಯ.

ಹೆಸರಿನ ಮಾತು ಎಲ್ಲ ಕಡೆ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೆ ಹಾಲುವಾಣ ನೆಡುತ್ತಾರಲ್ಲ, ಅದೇ ಕುಲದ ಒಂದು ಮರ ಈಸ್ಟರ್ನ್ ಕೇಪ್ ತೀರದಲ್ಲೂ ಇದೆ. ಕಿತ್ತಳೆಗೆಂಪು ಹೂ ಬಿಡುವ ಬಲು ಚೆಂದದ ಮರ. ಅದಕ್ಕೆ ಎರಿತ್ರಿನಾ ಕಾಫ್ರಾ ಎಂದು ಹೆಸರಿಟ್ಟವನು ಇದೇ ಥುನ್‌ಬರ್ಗ್. ಕಾಫ್ರಾ ಎಂಬ ಪದದ ಮೂಲ ನಂಬಿಕೆಯಿಲ್ಲದವನು ಎಂಬ ಅರಬ್ಬಿ ಮಾತು. ವಸಾಹತಿನವರು ಅದನ್ನು ಈ ಭಾಗದ ಕಪ್ಪು ಜನರಿಗೆ ಅಂಟಿಸಿದರು. ಮುಖ್ಯವಾಗಿ ಖೋಸಾ ಜನರಿಗೆ, ಇಖಮಂಗಕ್ಕೆ ಇಖಮಂಗ ಎಂದವರಿಗೆ. ವರ್ಣಭೇದದ ಕಾಲದಲ್ಲಿ ಅದು ಕೊಳಕು ಬೈಗುಳವಾಯಿತು. ಇವತ್ತು ದಕ್ಷಿಣ ಆಫ್ರಿಕಾದಲ್ಲಿ ಯಾರನ್ನಾದರೂ ಹಾಗೆ ಕರೆದರೆ ಕೋರ್ಟು ಶಿಕ್ಷೆ ಕೊಡುತ್ತದೆ. ಆದರೆ ಸಸ್ಯಶಾಸ್ತ್ರದ ತರಗತಿಯಲ್ಲಿ ಆ ಜನರ ಮಕ್ಕಳು ಮರದ ಹೆಸರೆಂದು ಅದನ್ನೇ ಬಾಯಿಬಿಟ್ಟು ಹೇಳಬೇಕಿತ್ತು. ಒಂದೆರಡು ಗಿಡಗಳಲ್ಲ, 200ಕ್ಕೂ ಹೆಚ್ಚು ಹೆಸರುಗಳಲ್ಲಿ ಅದು ಸೇರಿಕೊಂಡಿತ್ತು.

ಕೆಬೆರ್ಹಾದ ನೆಲ್ಸನ್ ಮಂಡೇಲಾ ವಿಶ್ವವಿದ್ಯಾಲಯದ ಇಬ್ಬರು, ಗಿಡಿಯನ್ ಸ್ಮಿತ್ ಮತ್ತು ಎಸ್ಟ್ರೆಲಾ ಫಿಗೈರೆದು, ಇದನ್ನು ಬದಲಾಯಿಸಬೇಕೆಂದು ಪ್ರಸ್ತಾಪ ತಂದರು. ಅವರು ಕೇಳಿದ್ದು ಬಹಳ ಸಣ್ಣ ತಿದ್ದುಪಡಿ. ಮೊದಲ ಅಕ್ಷರ ತೆಗೆಯಿರಿ, ಆಫ್ರಾ ಆಗಲಿ, ಆಫ್ರಿಕಾದ್ದು ಎಂದಾಗಲಿ ಎಂದು. 2024ರ ಜುಲೈನಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಗುಪ್ತ ಮತದಾನವಾಯಿತು. ಪರವಾಗಿ 351, ವಿರುದ್ಧ 205. ಆ ಮರ ಈಗ ಎರಿತ್ರಿನಾ ಆಫ್ರಾ. ಅಚ್ಚಾದದ್ದೇ ಶಾಸನ ಎಂದುಕೊಂಡಿದ್ದ ಶಾಸ್ತ್ರ, ಒಂದು ಪದದಿಂದ ಜನರಿಗೆ ನೋವಾಗುತ್ತದೆ ಎಂಬ ಕಾರಣಕ್ಕೆ ಇಷ್ಟೊಂದು ಹೆಸರುಗಳನ್ನು ಬದಲಿಸಿದ್ದು ಇದೇ ಮೊದಲು. ವಿರೋಧಿಸಿದ 205 ಜನರ ಆತಂಕವೂ ಸುಳ್ಳಲ್ಲ. ಹೆಸರು ಪದೇಪದೇ ಬದಲಾದರೆ ಹಳೆಯ ಬರಹಗಳಲ್ಲಿ ಗಿಡ ಹುಡುಕುವುದೇ ಕಷ್ಟ. ಆದರೂ ಈ ಒಂದು ವಿಷಯದಲ್ಲಿ ನಾನು 351ರ ಕಡೆ.

ಕೇಳುಗರ ಪ್ರಶ್ನೆಗಳು

ಹಾಗಾದರೆ ಸ್ಟ್ರೆಲಿಟ್ಸಿಯಾ ಹೆಸರನ್ನೂ ಬದಲಾಯಿಸಬೇಕೇ ಎಂದು ಒಬ್ಬರು ಕೇಳಿದರು.

ಬೇಡ ಎಂದೇ ನನ್ನ ಅಭಿಪ್ರಾಯ. ಕಾಫ್ರಾ ಜನರನ್ನು ಬೈಯುವ ಪದ. ಸ್ಟ್ರೆಲಿಟ್ಸಿಯಾ ಯಾರನ್ನೂ ಬೈಯುವುದಿಲ್ಲ. ಅದು ಬರೀ ಒಂದು ಅರಮನೆಯನ್ನು ನೆನೆಯುತ್ತದೆ. ನನ್ನ ದೂರು ಆ ಹೆಸರು ಇರುವುದರ ಬಗ್ಗೆ ಅಲ್ಲ, ಬೇರೆ ಹೆಸರು ನಮ್ಮ ಕಿವಿಗೆ ಬೀಳದೇ ಇದ್ದದ್ದರ ಬಗ್ಗೆ.

ನರ್ಸರಿ ನಡೆಸುವ ಒಬ್ಬರು, ಬೋರ್ಡಿನಲ್ಲಿ ಏನು ಬರೆಯಲಿ ಎಂದರು. ಸ್ಟ್ರೆಲಿಟ್ಸಿಯಾ ರೆಜಿನೇ ಎಂದು ಬರೆಯಲೇಬೇಕು. ಇಲ್ಲದಿದ್ದರೆ ಗಿರಾಕಿಗೆ ಹೆಲಿಕೋನಿಯಾ ಕೊಟ್ಟು ಕಳಿಸುವ ಸಾಧ್ಯತೆ ಇದೆ. ಎರಡನ್ನೂ ಬರ್ಡ್ ಆಫ್ ಪ್ಯಾರಡೈಸ್ ಎಂದು ಮಾರುವವರಿದ್ದಾರೆ. ಅದರ ಕೆಳಗೆ ಇಖಮಂಗ, ದಕ್ಷಿಣ ಆಫ್ರಿಕಾ ಎಂದೂ ಬರೆಯಿರಿ. ಕನ್ನಡದ ಬಾಯಿಗೆ ಆ ಮಾತು ಕಷ್ಟವೇನಲ್ಲ.

ಇನ್ನು ಮುಂದೆ ಸಿಗುವ ಹೊಸ ಗಿಡಗಳಿಗೆ ಏನು ನಿಯಮ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಮ್ಯಾಡ್ರಿಡ್‌ನಲ್ಲಿ ಅದೂ ತೀರ್ಮಾನವಾಗಿದೆ. 2026ರ ಜನವರಿ 1ರಿಂದ ಪ್ರಕಟವಾಗುವ ಹೆಸರು ಯಾವುದಾದರೂ ಜನಸಮುದಾಯಕ್ಕೆ ಅವಮಾನ ಮಾಡುವಂತಿದ್ದರೆ ಅದನ್ನು ತಿರಸ್ಕರಿಸಲು ಈಗ ದಾರಿಯಿದೆ. ನಿಯಮಕ್ಕೆ ಕಾಯದೆ ಚೆನ್ನಾಗಿ ಹೆಸರಿಟ್ಟವರೂ ಇದ್ದಾರೆ. ಸ್ಟ್ರೆಲಿಟ್ಸಿಯಾ ರೆಜಿನೇಯಲ್ಲೇ ನೀಲಿ ಬಾಣದ ಬದಲು ದಂತದ ಬಣ್ಣದ ಬಾಣವಿರುವ ಒಂದು ಉಪಜಾತಿ ಈಸ್ಟರ್ನ್ ಕೇಪ್‌ನ ಮ್ಜಿಮ್‌ವುಬು ನದಿಯ ಕಣಿವೆಯಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಸಸ್ಯಶಾಸ್ತ್ರಜ್ಞ ಅರ್ನ್ಸ್ಟ್ ವಾನ್ ಯಾರ್ಸ್‌ವೆಲ್ಡ್ ಅದಕ್ಕೆ ಮ್ಜಿಮ್‌ವುಬುಎನ್ಸಿಸ್ ಎಂದು ಹೆಸರಿಟ್ಟರು. ಆ ನದಿಯ ಹೆಸರಿನೊಳಗೆ ಇಮ್‌ವುಬು ಇದೆ. ಖೋಸಾ ಭಾಷೆಯಲ್ಲಿ ಇಮ್‌ವುಬು ಅಂದರೆ ನೀರಾನೆ.